ಪಡಸಾಲೆಯಲ್ಲೊಂದು ಪುಟ್ಟ ಪ್ರಯೋಗಶಾಲೆ

ಮನೆಯಲ್ಲಿ ಮಿಕ್ಸರ್ ಕೆಟ್ಟು ನಿಂತಾಗ ನೀವೇನು ಮಾಡುತ್ತೀರಿ? ಕುತೂಹಲದಿಂದ ಹತ್ತಿರ ಬಂದ ಮಗಳಿಗೆ "ಮುಟ್ಟಬೇಡ, ಕರೆಂಟು ಹೊಡೆದೀತು" ಎಂದು ಗದರಿಸುತ್ತೀರಿ. ಅದೇ ಮಿಕ್ಸರನ್ನು ಮಗ ಸ್ಕ್ರೂಡ್ರೈವರ್ ಹಿಡಿದು ಬಿಚ್ಚಲು ಕುಳಿತರೆ, "ನಮ್ಮ ಹುಡುಗನ ತಲೆ ಬಹಳ ಚುರುಕು" ಎಂದು ನೆರೆಯವರ ಮುಂದೆ ಹೇಳಿಕೊಳ್ಳುತ್ತೀರಿ. ಎದೆ ಮುಟ್ಟಿ ಹೇಳಿ ಸಹೋದರಿ, ನಮ್ಮ ಹೆಚ್ಚಿನ ಮನೆಗಳಲ್ಲಿ ನಡೆಯುವುದು ಇದೇ ಅಲ್ಲವೇ?

ನಾನೂ ಅಂತಹ ಮನೆಯಲ್ಲೇ ಬೆಳೆದವಳು. ಗೋಕಾಕಿನ ನಮ್ಮ ಮನೆಯಲ್ಲಿ ಅಬ್ಬಾ ಅವರ ಹಳೆಯ ರೇಡಿಯೋ ಒಂದಿತ್ತು. ಒಂದು ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಅದರ ಹಿಂಬದಿಯ ಮುಚ್ಚಳ ತೆಗೆದು ನೋಡಿದ್ದೆ. ಒಳಗಿನ ಬಣ್ಣಬಣ್ಣದ ಪಟ್ಟಿಗಳ ಪುಟ್ಟ ಕಡ್ಡಿಗಳನ್ನು ಕಂಡು ಇವು ಯಾರು ಪೋಣಿಸಿದ ಮಣಿಗಳೋ ಎಂದು ಬೆರಗಾಗಿದ್ದೆ. ಅಂದು ಸಿಕ್ಕಿದ್ದು ಬೈಗುಳ. ಮುಂದೆ ತಮ್ಮ ಐಟಿಐ ಸೇರಿದ, ನಾನು ಹೊಲಿಗೆ ಕಲಿತೆ. ಹೊಲಿಗೆ ನನಗೆ ಅನ್ನ ಕೊಟ್ಟಿದೆ, ಅದರ ಬಗ್ಗೆ ದೂರಿಲ್ಲ. ಆದರೆ ಆ ಬಣ್ಣದ ಪಟ್ಟಿಗಳ ಅರ್ಥವೇನೆಂದು ತಿಳಿದದ್ದು ನಲವತ್ತು ದಾಟಿದ ಮೇಲೆ, ಅದೂ ತಮ್ಮನ ಮಗಳಿಂದ.

ಮಹಾಪೂರ ಹುಟ್ಟಿಸಿದ ಪ್ರಶ್ನೆ

2019ರ ಆಗಸ್ಟ್ ತಿಂಗಳನ್ನು ನಮ್ಮ ಭಾಗದವರು ಯಾರೂ ಮರೆಯಲಾರರು. ಘಟಪ್ರಭೆ ಉಕ್ಕಿ ಹರಿದು ಗೋಕಾಕಿನ ತಗ್ಗು ಓಣಿಗಳಿಗೆ ನುಗ್ಗಿತು. ಲೋಳಸೂರ ಸೇತುವೆ ಮುಳುಗಿತು. ತಮ್ಮನ ಮನೆಯೊಳಗೂ ನೀರು ಬಂತು. ಅವನ ಮಗಳಿಗೆ ಆಗ ಆರು ವರ್ಷ. ಮಲಗಿದ್ದ ಚಾಪೆ ಒದ್ದೆಯಾದ ಮೇಲೆಯೇ ಎಲ್ಲರಿಗೂ ಎಚ್ಚರ. ಉಟ್ಟ ಬಟ್ಟೆಯಲ್ಲಿ ಹೊರಬಿದ್ದರು. ಭಾಬಿಯ ಹೊಲಿಗೆ ಯಂತ್ರ, ಮಕ್ಕಳ ಪುಸ್ತಕ, ಒಂದು ವರ್ಷದ ಜೋಳ, ಎಲ್ಲ ಕೆಸರಾಯಿತು.

ಆ ಹುಡುಗಿ ಈಗ ಏಳನೆಯ ತರಗತಿ. ಹೋದ ಮಳೆಗಾಲದಲ್ಲಿ ಒಂದು ರಾತ್ರಿ ಕೇಳಿದಳು: "ಫೂಫಿ, ನೀರು ಹೊಸ್ತಿಲಿಗೆ ಬಂದ ಕೂಡಲೇ ಗಂಟಿ ಬಾರಿಸೋ ಯಂತ್ರ ಮಾಡಾಕ ಬರ್ತೈತೇನ್ರಿ?"

ನನಗೆ ಉತ್ತರ ಗೊತ್ತಿರಲಿಲ್ಲ. ಆದರೆ ಗದರಿಸಲಿಲ್ಲ. ಆ ಪ್ರಶ್ನೆಯಿಂದಲೇ ನಮ್ಮ ಪಡಸಾಲೆಯ ಪ್ರಯೋಗಶಾಲೆ ಶುರುವಾಯಿತು. ನಾವು ಎಡವಿದ ಕಡೆ ನೀವು ಎಡವದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಪೆಟ್ಟಿಗೆಯಲ್ಲಿ ಏನಿರುತ್ತದೆ?

ಅಂಗೈಯಗಲದ ಒಂದು ಹಲಗೆ. ಅದರ ನಡುವೆ ಕಪ್ಪು ಚಿಪ್ಪು. ಇದೇ ಮೈಕ್ರೋಕಂಟ್ರೋಲರ್. ನಿಮ್ಮ ವಾಷಿಂಗ್ ಮಷಿನ್ ಎಷ್ಟು ಹೊತ್ತು ತಿರುಗಬೇಕು, ಇಂಡಕ್ಷನ್ ಒಲೆ ಯಾವಾಗ ಆರಬೇಕು ಎಂದು ಲೆಕ್ಕವಿಡುವುದು ಇಂಥದೇ ಚಿಪ್ಪು. 2005ರಲ್ಲಿ ಇಟಲಿಯ ಇವ್ರೆಯಾ ಎಂಬ ಊರಿನಲ್ಲಿ, ಎಂಜಿನಿಯರಿಂಗ್ ಓದದ ವಿದ್ಯಾರ್ಥಿಗಳೂ ಬಳಸುವಂತಿರಲಿ ಎಂದು ಕೆಲವು ಶಿಕ್ಷಕರು ಮತ್ತು ವಿದ್ಯಾರ್ಥಿಗಳು ಸೇರಿ ಆರ್ಡುಯಿನೋ ಎಂಬ ಹಲಗೆ ತಯಾರಿಸಿದರು. 2010ರಲ್ಲಿ ಬಂದ 'ಆರ್ಡುಯಿನೋ ಊನೋ' ಇಂದಿಗೂ ಕಲಿಯುವವರ ಅಚ್ಚುಮೆಚ್ಚು. ಅದರ ನಕ್ಷೆಯನ್ನು ಯಾರು ಬೇಕಾದರೂ ಬಳಸಬಹುದಾದ್ದರಿಂದ ಕಡಿಮೆ ಬೆಲೆಯ ಹೊಂದಾಣಿಕೆಯ ಹಲಗೆಗಳೂ ಸಿಗುತ್ತವೆ. ಇದಲ್ಲದೆ ಬ್ರಿಟನ್ನಿನ ಬಿಬಿಸಿ ಸಂಸ್ಥೆ 2016ರಲ್ಲಿ ಅಲ್ಲಿನ ಶಾಲಾ ಮಕ್ಕಳಿಗೆ ಉಚಿತವಾಗಿ ಹಂಚಿದ 'ಮೈಕ್ರೋಬಿಟ್' ಇದೆ. ತೀರ ಚಿಕ್ಕ ಮಕ್ಕಳಿಗೆ ಅದು ಸುಲಭ.

ಜೊತೆಗೆ ಬೇಕಾದದ್ದು ಇಷ್ಟು: ಬೆಸುಗೆಯಿಲ್ಲದೆ ಬಿಡಿಭಾಗಗಳನ್ನು ಚುಚ್ಚಿ ಜೋಡಿಸುವ ಬ್ರೆಡ್‌ಬೋರ್ಡ್, ಜಂಪರ್ ವೈರುಗಳು, ಕೆಲವು ಎಲ್‌ಇಡಿ ದೀಪ, ರೆಸಿಸ್ಟರುಗಳು, ಒಂದು ಗುಂಡಿ, ಒಂದು ಬಜರ್. ಸಾಧ್ಯವಾದರೆ ಒಂದು ಸಾದಾ ಮಲ್ಟಿಮೀಟರ್. ಇವೆಲ್ಲ ಇರುವ ಕಿಟ್ ಒಂದೆರಡು ಸಾವಿರ ರೂಪಾಯಿಯೊಳಗೆ ದೊರೆಯುತ್ತದೆ. ಮೂವತ್ತೇಳು ಸೆನ್ಸರ್ ಇದೆ ಎಂದು ದೊಡ್ಡ ಪೆಟ್ಟಿಗೆಗೆ ಮರುಳಾಗಬೇಡಿ. ಅವುಗಳಲ್ಲಿ ಮುಕ್ಕಾಲು ಪಾಲು ಪೆಟ್ಟಿಗೆಯಲ್ಲೇ ಉಳಿಯುತ್ತವೆ.

ಅಷ್ಟೂ ಕೈಯಲ್ಲಿಲ್ಲವೇ? ಚಿಂತೆಯಿಲ್ಲ. 'ಟಿಂಕರ್‌ಕ್ಯಾಡ್' ಎಂಬ ಉಚಿತ ತಾಣದಲ್ಲಿ ಇದೇ ಹಲಗೆ, ಇದೇ ದೀಪಗಳನ್ನು ಪರದೆಯ ಮೇಲೆ ಜೋಡಿಸಿ ನೋಡಬಹುದು. ಅಲ್ಲಿ ಏನು ಸುಟ್ಟರೂ ಖರ್ಚಿಲ್ಲ. ನಾವು ಮೊದಲ ಹದಿನೈದು ದಿನ ಕಲಿತದ್ದು ಹೀಗೆಯೇ.

ಕಾಲುವೆ ನೋಡಿದವರಿಗೆ ಕರೆಂಟು ಕಷ್ಟವಲ್ಲ

ವೋಲ್ಟೇಜ್, ಕರೆಂಟ್, ರೆಸಿಸ್ಟೆನ್ಸ್ ಎಂಬ ಮೂರು ಪದಗಳಿಗೆ ಹೆದರುವವರೇ ಹೆಚ್ಚು. ಆದರೆ ನಮ್ಮ ಕಡೆಯ ಹೆಣ್ಣುಮಕ್ಕಳು ಹುಟ್ಟಿದಾಗಿನಿಂದ ಕಾಲುವೆ ನೋಡಿದವರು. ಧೂಪದಾಳದಿಂದ ಹೊರಡುವ ಕಾಲುವೆಯನ್ನು ನೆನಪಿಸಿಕೊಳ್ಳಿ. ಎತ್ತರದಲ್ಲಿ ನಿಂತ ನೀರಿನ ಒತ್ತಡವೇ ವೋಲ್ಟೇಜ್. ಹರಿಯುವ ನೀರಿನ ಪ್ರಮಾಣವೇ ಕರೆಂಟ್. ಹೊಲಕ್ಕೆ ಬಿಡುವಾಗ ಹರಿವನ್ನು ತಡೆಯುವ ಕಿರಿದಾದ ತೂಬೇ ರೆಸಿಸ್ಟೆನ್ಸ್. ತೂಬು ಕಿರಿದಾದಷ್ಟೂ ನೀರು ಕಡಿಮೆ. ಮೂಡಲಗಿಯ ಕಬ್ಬಿನ ಹೊಲದಲ್ಲಿ ಬೆಳೆದ ಭಾಬಿಗೆ ಹೀಗೆ ಹೇಳಿದ ಕೂಡಲೇ ಅರ್ಥವಾಯಿತು.

ಒಂದು ಲೆಕ್ಕ ನೋಡಿ. ಹಲಗೆ ಕೊಡುವುದು 5 ವೋಲ್ಟ್. ಕೆಂಪು ಎಲ್‌ಇಡಿ ಸುಮಾರು 2 ವೋಲ್ಟ್ ಬಳಸುತ್ತದೆ. ಉಳಿದ 3 ವೋಲ್ಟನ್ನು 220 ಓಮಿನ ರೆಸಿಸ್ಟರ್ ತಡೆದರೆ, ಮೂರನ್ನು 220ರಿಂದ ಭಾಗಿಸಿದಾಗ ಸುಮಾರು 14 ಮಿಲಿಆಂಪಿಯರ್. ದೀಪಕ್ಕೆ ಇದು ಸಾಕು. ರೆಸಿಸ್ಟರ್ ಇಲ್ಲದೆ ನೇರ ಜೋಡಿಸಿದರೆ ದೀಪವೂ ಹೋದೀತು, ಹಲಗೆಯ ಆ ಕಾಲೂ ಹಾಳಾದೀತು. ಕೆಂಪು, ಕೆಂಪು, ಕಂದು ಪಟ್ಟಿ ಎಂದರೆ 220 ಓಮ್: ಎರಡು, ಎರಡು, ಮುಂದೆ ಒಂದು ಸೊನ್ನೆ. ಅಬ್ಬಾ ಅವರ ರೇಡಿಯೋದ ಮಣಿಗಳ ಗುಟ್ಟು ಇಷ್ಟೇ ಆಗಿತ್ತು!

ಮೊದಲ ದಿನ, ಮೊದಲ ದೀಪ

ಕಂಪ್ಯೂಟರಿನಲ್ಲಿ ಆರ್ಡುಯಿನೋ ತಂತ್ರಾಂಶವನ್ನು ಉಚಿತವಾಗಿ ಹಾಕಿಕೊಳ್ಳಿ. ಹಳೆಯ ಲ್ಯಾಪ್‌ಟಾಪ್ ಸಾಕು. ಹಲಗೆಯನ್ನು ಯುಎಸ್‌ಬಿ ಕೇಬಲಿನಿಂದ ಜೋಡಿಸಿ. ತಂತ್ರಾಂಶದಲ್ಲಿ ಹಲಗೆಯ ಹೆಸರನ್ನೂ ಪೋರ್ಟನ್ನೂ ಆರಿಸಿ. ಫೈಲ್, ಎಕ್ಸಾಂಪಲ್ಸ್, ಬೇಸಿಕ್ಸ್ ಎಂಬಲ್ಲಿ 'ಬ್ಲಿಂಕ್' ಎಂಬ ಸಿದ್ಧ ಪಾಠವಿದೆ. ಅದನ್ನು ಹಲಗೆಗೆ ಕಳುಹಿಸಿದರೆ ಅದರ ಮೇಲಿನ ಪುಟ್ಟ ದೀಪ ಒಂದು ಸೆಕೆಂಡು ಹತ್ತಿ, ಒಂದು ಸೆಕೆಂಡು ಆರುತ್ತದೆ. ಪಾಠದಲ್ಲಿ 1000 ಎಂದಿರುವ ಕಡೆ 200 ಎಂದು ಬರೆಯಿರಿ. ದೀಪ ಬೇಗಬೇಗನೆ ಮಿನುಗುತ್ತದೆ. ತಾನು ಬರೆದದ್ದನ್ನು ಯಂತ್ರ ಕೇಳಿತು ಎಂದು ಮಗುವಿಗೆ ತಿಳಿಯುವ ಕ್ಷಣ ಅದು.

ನಮಗೆ ಆ ಕ್ಷಣ ಮೂರು ದಿನ ತಡವಾಗಿ ಬಂತು. "ಫೂಫಿ, ಲೈಟು ಹತ್ತವಲ್ದು" ಎಂದು ಹುಡುಗಿ ಅಳುವಂತಾದಳು. ತಪ್ಪು ಕೇಬಲಿನದಾಗಿತ್ತು. ಮೊಬೈಲ್ ಚಾರ್ಜ್ ಮಾಡುವ ಕೆಲವು ಕೇಬಲುಗಳಲ್ಲಿ ಕರೆಂಟು ಮಾತ್ರ ಹರಿಯುತ್ತದೆ, ಮಾಹಿತಿ ಹರಿಯುವುದಿಲ್ಲ. ಕಿಟ್‌ನೊಂದಿಗೆ ಬಂದ ಕೇಬಲನ್ನೇ ಬಳಸಿ. ಅಗ್ಗದ ಹಲಗೆಗಳಿಗೆ 'ಸಿಎಚ್ 340' ಎಂಬ ಡ್ರೈವರನ್ನು ಪ್ರತ್ಯೇಕವಾಗಿ ಹಾಕಬೇಕಾಗಬಹುದು. ಇನ್ನು ಎಲ್‌ಇಡಿಯ ಉದ್ದನೆಯ ಕಾಲು ಪ್ಲಸ್ ಕಡೆಗಿರಬೇಕು. ಬ್ರೆಡ್‌ಬೋರ್ಡಿನಲ್ಲಿ ಐದೈದು ರಂಧ್ರಗಳ ಸಾಲು ಒಳಗಿನಿಂದ ಒಂದಕ್ಕೊಂದು ಕೂಡಿರುತ್ತದೆ. ನಡುವಿನ ಗಾಲುವೆಯಾಚೆಯ ಸಾಲು ಬೇರೆ. ಹೊಸಬರ ದೀಪ ಹತ್ತದಿರಲು ಹೆಚ್ಚಾಗಿ ಇವೇ ಕಾರಣ.

"ಇಂಗ್ಲಿಷ್ ಬಾರದ ಮಗುವಿಗೆ ಇದು ಹೇಗೆ?" ಎನ್ನುವಿರೇ? ಆರಂಭಕ್ಕೆ ಬೇಕಾದದ್ದು ಹತ್ತಿಪ್ಪತ್ತು ಪದಗಳು. ನಮ್ಮ ಹುಡುಗಿ ಅವನ್ನು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಅರ್ಥ ಸಮೇತ ಬರೆದುಕೊಂಡಿದ್ದಾಳೆ. 'ಡಿಲೇ' ಎಂದರೆ ಕಾಯಿ. 'ಇಫ್' ಎಂದರೆ ಹೀಗಾದರೆ. ಉರ್ದು ಶಾಲೆಯ ಮಗುವಾದರೆ ಉರ್ದುವಿನಲ್ಲೇ ಬರೆದುಕೊಳ್ಳಲಿ.

ಗಂಟೆ ಬಾರಿಸುವ ನೀರು

ದೀಪದ ಪಾಠ ಮುಗಿದ ಮೇಲೆ ಹುಡುಗಿ ತನ್ನ ಪ್ರಶ್ನೆಗೆ ಮರಳಿದಳು. ಮೊದಲು ಮನೆಯ ಮೇಲಿನ ಟ್ಯಾಂಕಿಗೆ ಪ್ರಯತ್ನಿಸೋಣ ಎಂದೆ. ನಲ್ಲಿ ನೀರು ಬಂದ ದಿನ ಮೋಟಾರು ಹಾಕಿ ಮರೆತು ಟ್ಯಾಂಕ್ ತುಂಬಿ ಚೆಲ್ಲುವುದು ಪ್ರತಿ ಮನೆಯ ಕಥೆ ತಾನೇ?

ಮಾಡಿದ್ದು ಇಷ್ಟು. ಟ್ಯಾಂಕಿನ ಮೇಲ್ಭಾಗದಲ್ಲಿ ಎರಡು ತಂತಿಗಳ ತುದಿ, ನಡುವೆ ಒಂದು ಬೆರಳಿನ ಅಂತರ. ಒಂದಕ್ಕೆ ಹಲಗೆಯ 5 ವೋಲ್ಟ್. ಇನ್ನೊಂದು ಹಲಗೆಯ 'ಎ-0' ಎಂಬ ಕಾಲಿಗೆ. ಅದೇ ಕಾಲಿನಿಂದ 10 ಸಾವಿರ ಓಮಿನ ಒಂದು ರೆಸಿಸ್ಟರ್ ಗ್ರೌಂಡಿಗೆ. ಆ ಕಾಲು ಸೊನ್ನೆಯಿಂದ 1023ರ ತನಕ ಎಣಿಸಬಲ್ಲದು. ತುದಿಗಳು ಒಣಗಿದ್ದಾಗ ಎಣಿಕೆ ಸೊನ್ನೆಯ ಹತ್ತಿರ. ನೀರು ಎರಡನ್ನೂ ಮುಟ್ಟಿದಾಗ ನೀರಿನ ಮೂಲಕ ಅಲ್ಪ ಕರೆಂಟು ಹರಿದು ಎಣಿಕೆ ಏರುತ್ತದೆ. ನಿಮ್ಮ ನೀರಿನಲ್ಲಿ ಎಷ್ಟು ಏರುತ್ತದೆಂದು ಮೊದಲು ಒಂದು ಲೋಟದಲ್ಲಿ ನೋಡಿಕೊಂಡು, ಅದರ ಅರ್ಧಕ್ಕಿಂತ ಹೆಚ್ಚಾದರೆ ಬಜರ್ ಕೂಗಲಿ ಎಂದು ಬರೆದರೆ ಆಯಿತು.

ಬಜರ್ ಕೂಗಿದ ದಿನ ಓಣಿಯ ಮಕ್ಕಳೆಲ್ಲ ಬಂದು ನೋಡಿದರು. ಆದರೆ ಕೆಲವೇ ವಾರಗಳಲ್ಲಿ ಅದು ಮೌನವಾಯಿತು. ಇಳಿಸಿ ನೋಡಿದರೆ ತಾಮ್ರದ ತುದಿಗಳು ಹಸಿರುಗಟ್ಟಿ ಸವೆದಿದ್ದವು. ಸದಾ ಒಂದೇ ದಿಕ್ಕಿನಲ್ಲಿ ಕರೆಂಟು ಹರಿದರೆ ನೀರಿನಲ್ಲಿ ತಾಮ್ರ ಕರಗುತ್ತದೆ. ಕುಡಿಯುವ ನೀರಿಗೆ ಅದು ಒಳ್ಳೆಯದಲ್ಲ. ಹುಡುಗಿ ಎರಡು ಬದಲಾವಣೆ ಮಾಡಿದಳು. ತಾಮ್ರದ ಬದಲು ಸ್ಟೇನ್‌ಲೆಸ್ ಸ್ಟೀಲಿನ ಬೋಲ್ಟುಗಳು. ಸದಾ 5 ವೋಲ್ಟ್ ಕೊಡುವ ಬದಲು, ನಿಮಿಷಕ್ಕೊಮ್ಮೆ ಅರೆಕ್ಷಣ ಮಾತ್ರ ಕರೆಂಟು ಕೊಟ್ಟು ಓದುವುದು. ಎರಡನೆಯದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಒಂದು ತಪ್ಪು ಅವಳಿಗೆ ಒಂದು ಪುಸ್ತಕದಷ್ಟು ಕಲಿಸಿತ್ತು.

ಈಗ ಅಂಥದೇ ಇನ್ನೊಂದು ಜೋಡಿ ಬೋಲ್ಟುಗಳು ತಮ್ಮನ ಮನೆಯ ಹೊಸ್ತಿಲ ಕೆಳಗಿವೆ. ಪೂರ ಬಂದಾಗ ಕರೆಂಟು ಇರುವುದಿಲ್ಲವಾದ್ದರಿಂದ ಬ್ಯಾಟರಿ ಬೇಕು. ಕೆಲವು ಪವರ್ ಬ್ಯಾಂಕುಗಳು ಇಷ್ಟು ಕಡಿಮೆ ಬಳಕೆಯನ್ನು ಕಂಡು ತಾವಾಗಿಯೇ ಬಂದ್ ಆಗುತ್ತವೆ; ಪರೀಕ್ಷಿಸಿ ಕೊಳ್ಳಿ. ಒಂದು ಮಾತು ಸ್ಪಷ್ಟವಾಗಿರಲಿ. ಇದು ಮಗುವಿನ ಗಂಟೆ. ಅಣೆಕಟ್ಟಿನಿಂದ ನೀರು ಬಿಡುವ ಸೂಚನೆ, ತಾಲೂಕು ಆಡಳಿತದ ಡಂಗುರ ಕೇಳಿದರೆ ಗಂಟೆಗೆ ಕಾಯದೆ ಮನೆ ಬಿಡಬೇಕು.

ತಾಯಂದಿರು ಮರೆಯಬಾರದ ಮಾತು

ಈ ಕಿಟ್ಟಿನ 5 ವೋಲ್ಟ್ ಕೈಗೆ ಹೊಡೆಯುವುದಿಲ್ಲ. ಆದರೆ ಗೋಡೆಯ ಸಾಕೆಟ್ಟಿನಲ್ಲಿರುವುದು 230 ವೋಲ್ಟ್, ಅದು ಪ್ರಾಣ ತೆಗೆಯುತ್ತದೆ. ಮೋಟಾರು, ಫ್ಯಾನು, ಮನೆಯ ಬಲ್ಬು, ಯಾವುದನ್ನೂ ಮಕ್ಕಳು ಹಲಗೆಗೆ ಜೋಡಿಸಕೂಡದು. ಗುಂಡಿಯಾಕಾರದ ಬ್ಯಾಟರಿಯನ್ನು ಪುಟ್ಟ ಮಕ್ಕಳಿಂದ ದೂರವಿಡಿ. ನುಂಗಿದರೆ ಎರಡು ಗಂಟೆಯೊಳಗೆ ಅನ್ನನಾಳ ಸುಡಬಹುದು. ತಡಮಾಡದೆ ಆಸ್ಪತ್ರೆಗೆ ಓಡಬೇಕು. ಬೆಸುಗೆಯ ಕಡ್ಡಿ ಆರಂಭದಲ್ಲಿ ಬೇಕಿಲ್ಲ. ಮುಂದೆ ಬಳಸಿದಾಗ ಕಿಟಕಿ ತೆರೆದಿಡಿ, ಕೆಲಸ ಮುಗಿದ ಮೇಲೆ ಕೈ ತೊಳೆಸಿ.

ಇದು ನಮಗೆ ಹೊಸತಲ್ಲ

"ಇವೆಲ್ಲ ದೊಡ್ಡ ಊರಿನವರಿಗೆ" ಎಂದು ನಮ್ಮವರು ಹೇಳುವುದುಂಟು. ಆದರೆ ಗೋಕಾಕ ಜಲಪಾತದಲ್ಲಿ 1887ರಲ್ಲೇ ನೀರಿನಿಂದ ವಿದ್ಯುತ್ ಪಡೆದರೆಂದೂ, ಅದು ಏಷ್ಯಾದಲ್ಲೇ ಮೊದಲ ಸಾಲಿನದೆಂದೂ ಹೇಳಲಾಗುತ್ತದೆ. ಹುಕ್ಕೇರಿಯಲ್ಲಿ 1969ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಹುಟ್ಟಿ, ಜನರೇ ಸದಸ್ಯರಾಗಿ ಹಳ್ಳಿಗಳಿಗೆ ದೀಪ ತಂದರು. ಇನ್ನೂ ಹಿಂದೆ, 1206ರಲ್ಲಿ, ದಿಯಾರ್‌ಬಕಿರ್‌ನಲ್ಲಿ ಅಲ್ ಜಝರಿ ಯಂತ್ರಗಳ ಕುರಿತು ತಮ್ಮ ಮಹಾಗ್ರಂಥ ಮುಗಿಸಿದರು. ಅವರ ಆನೆ ಗಡಿಯಾರದಲ್ಲಿ ರಂಧ್ರವಿರುವ ಬಟ್ಟಲು ನೀರಿನಲ್ಲಿ ನಿಧಾನವಾಗಿ ಮುಳುಗಿ ಅರ್ಧ ಗಂಟೆಗೊಮ್ಮೆ ಸದ್ದು ಮಾಡಿಸುತ್ತಿತ್ತು. ನೀರು ಮುಟ್ಟಿದಾಗ ಗಂಟೆ ಬಾರಿಸುವ ವಿದ್ಯೆ ಎಷ್ಟು ಹಳೆಯದು ನೋಡಿ!

ಹೆಣ್ಣುಮಕ್ಕಳಿಗೂ ಇದು ಹೊಸ ಹಾದಿಯಲ್ಲ. 1922ರಲ್ಲಿ ಹುಟ್ಟಿದ ನಮ್ಮ ಕರ್ನಾಟಕದ ರಾಜೇಶ್ವರಿ ಚಟರ್ಜಿ ಅಮೆರಿಕದಲ್ಲಿ ಓದಿ ಬಂದು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೈಕ್ರೋವೇವ್ ಎಂಜಿನಿಯರಿಂಗ್ ಕಲಿಸಿದರು. ಹೊಲಿಗೆ ಬಲ್ಲ ಸಹೋದರಿಯರಿಗೆ ಇನ್ನೊಂದು ಸುದ್ದಿ: ಲೀಯಾ ಬ್ಯೂಕ್ಲಿ ಎಂಬ ಮಹಿಳೆ ರೂಪಿಸಿದ 'ಲಿಲಿಪ್ಯಾಡ್' ಎಂಬ ಹಲಗೆ 2007ರಲ್ಲಿ ಮಾರುಕಟ್ಟೆಗೆ ಬಂತು. ಅದನ್ನು ಕರೆಂಟು ಹರಿಯುವ ದಾರದಿಂದ ಬಟ್ಟೆಗೇ ಹೊಲಿಯಬಹುದು. ಸೂಜಿ ಹಿಡಿದ ಕೈಗೆ ಸರ್ಕ್ಯೂಟ್ ದೂರವಿಲ್ಲ.

ನಿಮ್ಮ ಮಕ್ಕಳ ಶಾಲೆಯಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ ಇದೆಯೇ ಎಂದು ಮುಖ್ಯೋಪಾಧ್ಯಾಯರನ್ನು ಕೇಳಿ. 2016ರಲ್ಲಿ ಆರಂಭವಾದ ಈ ಕೇಂದ್ರ ಯೋಜನೆಯಲ್ಲಿ ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿಯ ತನಕ ನೆರವಿದೆ. ಇದ್ದರೆ ಅದರ ಬಾಗಿಲು ಹುಡುಗಿಯರಿಗೂ ತೆರೆದಿದೆಯೇ ಎಂದು ಎರಡನೆಯ ಪ್ರಶ್ನೆ ಕೇಳಿ. ಎಸ್ಸೆಸ್ಸೆಲ್ಸಿ ಬಳಿಕ ಎಲೆಕ್ಟ್ರಾನಿಕ್ಸ್‌ನಲ್ಲಿ ಮೂರು ವರ್ಷದ ಡಿಪ್ಲೊಮಾ ಇದೆ, ಐಟಿಐಯಲ್ಲಿ ಎರಡು ವರ್ಷದ ಎಲೆಕ್ಟ್ರಾನಿಕ್ ಮೆಕ್ಯಾನಿಕ್ ತರಬೇತಿ ಇದೆ.

ಮೊನ್ನೆ ತಮ್ಮ ಬಂದಿದ್ದ. "ಆಪಾ, ಹತ್ತನೇದು ಮುಗಿದ ಮ್ಯಾಲೆ ಈಕಿ ಡಿಪ್ಲೊಮಾ ಅಂತಾಳ. ಹುಡುಗಿನ್ನ ಬೆಳಗಾವಿಗೆ ಕಳಿಸೂದು ಹೆಂಗ?" ಎಂದ. "ನಿನ್ನನ್ನು ಕಳಿಸುವಾಗ ಅಬ್ಬಾ ಈ ಪ್ರಶ್ನೆ ಕೇಳಿದ್ದರೇ?" ಎಂದೆ. ಉತ್ತರಿಸಲಿಲ್ಲ. ಇನ್ನೂ ಮೂರು ವರ್ಷವಿದೆ, ಯೋಚಿಸಲಿ. ಹುಡುಗಿ ಮಾತ್ರ ಮೂಲೆಯಲ್ಲಿ ಕುಳಿತು ಬೋಲ್ಟಿನ ತುಕ್ಕು ಒರೆಸುತ್ತಿದ್ದಳು.

ಸಹೋದರಿ, ಮುಂದಿನ ಸಲ ನಿಮ್ಮ ಮನೆಯ ಮಿಕ್ಸರ್ ಕೆಟ್ಟಾಗ ಪ್ಲಗ್ ತೆಗೆಯಿರಿ, ಬಲ್ಲವರನ್ನು ಕರೆಯಿರಿ. ಆದರೆ ಅವರು ಅದನ್ನು ಬಿಚ್ಚುವಾಗ ಮಗಳನ್ನು ದೂರ ಕಳಿಸಬೇಡಿ. ಪಕ್ಕದಲ್ಲಿ ಕೂರಿಸಿ, ಒಳಗೇನಿದೆ ನೋಡಲಿ. ಅವಳು ಪ್ರಶ್ನೆ ಕೇಳಿದರೆ, ನಿಮಗೆ ಉತ್ತರ ಗೊತ್ತಿಲ್ಲದಿದ್ದರೂ ಗದರಿಸಬೇಡಿ.