ಸೆಕೆಂಡ್ ಹ್ಯಾಂಡ್ ಸೌಂಡ್ ಸೆಟ್: ಆರು ನಂಬಿಕೆ, ಆರು ಸತ್ಯ

ಮಳೆಗಾಲ ಬಂತೆಂದರೆ ಮುಂಬಯಿ ಕನ್ನಡಿಗರ ಕಾರ್ಯಕ್ರಮಗಳ ಸಾಲು ಶುರು. ಊರಿನಿಂದ ಬರುವ ಕಲಾವಿದರ ಯಕ್ಷಗಾನ, ತಾಳಮದ್ದಳೆ, ಹಿಂದೆಯೇ ಗಣೇಶೋತ್ಸವ, ನವರಾತ್ರಿ ಭಜನೆ. ಎಲ್ಲಕ್ಕೂ ಆಂಪ್ಲಿಫೈಯರ್, ಮಿಕ್ಸರ್, ಎರಡು ಸ್ಪೀಕರ್ ಬಾಕ್ಸ್ ಬೇಕು. ಬಾಡಿಗೆ ಕೊಟ್ಟು ಸಾಕಾದ ಸಮಿತಿಯವರು ಹೊಸದರ ಬೆಲೆ ಕೇಳಿ ಹಿಂದೆ ಸರಿದು, ಗ್ರಾಂಟ್ ರೋಡ್ ಸ್ಟೇಷನ್ ಬಳಿಯ ಲ್ಯಾಮಿಂಗ್ಟನ್ ರೋಡನ್ನೋ ಚೋರ್ ಬಜಾರಿನ ಮಟನ್ ಸ್ಟ್ರೀಟನ್ನೋ ಹುಡುಕಿ ಹೋಗುತ್ತಾರೆ. ಇಲ್ಲವೇ ಮೊಬೈಲಿನ ಜಾಹೀರಾತು ನೋಡಿ ಡೊಂಬಿವಲಿಯಿಂದ ಮೀರಾ ರೋಡಿಗೆ ಓಡುತ್ತಾರೆ. ಹೀಗೆ ವಾರಂಟಿಯಿಲ್ಲದ ಮಾಲು ಕೊಳ್ಳುವವರಲ್ಲಿ ಬೇರೂರಿದ ಆರು ನಂಬಿಕೆಗಳು ಇಲ್ಲಿವೆ.

ನಂಬಿಕೆ 1: ಕಂಪನಿ ವಾರಂಟಿ ಇನ್ನೂ ಆರು ತಿಂಗಳಿದೆ, ಅದು ನಮಗೇ ಬರುತ್ತದೆ.

ಸತ್ಯ: ಬರಲೂಬಹುದು, ಬಾರದಿರಲೂಬಹುದು. ವಾರಂಟಿ ಎನ್ನುವುದು ಕಂಪನಿ ಬರೆದುಕೊಟ್ಟ ಷರತ್ತುಗಳ ಕಟ್ಟು. ಮೊದಲ ಖರೀದಿದಾರನಿಗೆ ಮಾತ್ರ ಎಂದು ಅದರಲ್ಲಿದ್ದರೆ ನಿಮ್ಮ ಪಾಲಿಗೆ ಅದು ಮುಗಿದ ಕಥೆ. ವರ್ಗಾವಣೆಗೆ ಅವಕಾಶವಿದ್ದರೂ ಮೂಲ ಬಿಲ್ಲು ಬೇಕು, ಸೀರಿಯಲ್ ನಂಬರಿನ ಸ್ಟಿಕರ್ ಇರಬೇಕು, ಹೊರಗಿನ ಮೆಕ್ಯಾನಿಕ್ ಸ್ಕ್ರೂ ಬಿಚ್ಚಿರಬಾರದು. ಸ್ಕ್ರೂ ತಲೆಯ ಗೀಟು ನೋಡಿದರೆ ಯಾರೋ ಒಳಗೆ ಕೈ ಹಾಕಿದ್ದಾರೆಂದು ತಿಳಿಯುತ್ತದೆ. ದುಬೈಯಿಂದಲೋ ಅಮೆರಿಕದಿಂದಲೋ ಬಂದ ಮಾಲಿಗೆ ಇಲ್ಲಿನ ಸರ್ವಿಸ್ ಸೆಂಟರ್ ಬಾಗಿಲು ತೆರೆಯದಿರುವುದೂ ಸಾಮಾನ್ಯ. ಅದಕ್ಕಿಂತ ಮೊದಲು ಹಿಂಬದಿಯ ವೋಲ್ಟೇಜ್ ಓದಬೇಕು. ಅಮೆರಿಕದ್ದು 120 ವೋಲ್ಟ್, ಜಪಾನಿನದು 100. ನಮ್ಮ ಗೋಡೆಯ ಪ್ಲಗ್ಗಿನಲ್ಲಿರುವುದು 230. ವೋಲ್ಟೇಜ್ ಬದಲಿಸುವ ಸೌಲಭ್ಯವಿಲ್ಲದ ಸೆಟ್ಟನ್ನು ನೇರವಾಗಿ ಹಾಕಿದರೆ ಸ್ವಿಚ್ ಒತ್ತಿದ ಕ್ಷಣಕ್ಕೇ ಪವರ್ ಸಪ್ಲೈ ಹೊಗೆಯಾಡುತ್ತದೆ.

ನಂಬಿಕೆ 2: ಅಂಗಡಿಯಲ್ಲೇ ಹಾಡಿಸಿ ನೋಡಿದೆವು, ಫಸ್ಟ್ ಕ್ಲಾಸ್ ಇದೆ.

ಸತ್ಯ: ಎರಡು ನಿಮಿಷದ ಹಾಡು ಏನನ್ನೂ ಹೇಳುವುದಿಲ್ಲ. ಆಂಪ್ಲಿಫೈಯರಿನ ಹೆಚ್ಚಿನ ರೋಗಗಳು ಹೊರಬೀಳುವುದು ಬಿಸಿಯಾದ ಮೇಲೆ. ಸೋಲ್ಡರ್ ಬಿರುಕು ಬಿಟ್ಟಿದ್ದರೆ ತಣ್ಣಗಿರುವಾಗ ಜೋಡಿಕೊಂಡಿದ್ದು, ಕಾವೇರಿದಂತೆ ಒಂದು ಕಡೆಯ ಸದ್ದು ಹೋಗುತ್ತದೆ. ಒಳಗಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳಿಗೆ ಆಯಸ್ಸು ಬರೆದಿರುತ್ತದೆ. 105 ಡಿಗ್ರಿಯಲ್ಲಿ 2000 ಗಂಟೆ ಎನ್ನುವುದು ಸಾಮಾನ್ಯ ಲೆಕ್ಕ. ಶಾಖ 10 ಡಿಗ್ರಿ ಇಳಿದರೆ ಆಯಸ್ಸು ಸುಮಾರು ಇಮ್ಮಡಿಯಾಗುತ್ತದೆ. ಮುಚ್ಚಿದ ರ‍್ಯಾಕಿನಲ್ಲಿ ವರ್ಷಗಟ್ಟಲೆ ಬೆಂದ ಸೆಟ್ಟು ಅಷ್ಟರಮಟ್ಟಿಗೆ ಬೇಗ ಮುದಿಯಾಗಿರುತ್ತದೆ.

ಆದ್ದರಿಂದ ಒಂದು ಗಂಟೆ ಕೇಳಿ ಪಡೆಯಿರಿ. ನೀವು ಬಳಸುವಷ್ಟೇ ವಾಲ್ಯೂಮಿನಲ್ಲಿ ಓಡಿಸಿ. ಪ್ರತಿ ನಾಬನ್ನೂ ಮೆಲ್ಲಗೆ ತಿರುಗಿಸಿ. ಕರಕರ ಎಂದರೆ ಒಳಗೆ ಧೂಳೋ ಸವೆತವೋ ಇದೆ. ಹಾಡು ನಿಲ್ಲಿಸಿ ಬಾಕ್ಸಿಗೆ ಕಿವಿಯಿಡಿ. ಗುಂಯ್ ಸದ್ದು ಜೋರಾಗಿದ್ದರೆ ಫಿಲ್ಟರ್ ಕೆಪಾಸಿಟರ್ ಒಣಗಿರಬಹುದು. ಮಲ್ಟಿಮೀಟರ್ ಇದ್ದವರು ಸ್ಪೀಕರ್ ತೆಗೆದು ಆಂಪ್ಲಿಫೈಯರಿನ ಸ್ಪೀಕರ್ ಟರ್ಮಿನಲ್ಲಿನ ಡಿಸಿ ಅಳೆಯಲಿ. ಅದು ಕೆಲವು ಹತ್ತು ಮಿಲಿವೋಲ್ಟಿನೊಳಗಿರಬೇಕು. ವೋಲ್ಟಿನ ಲೆಕ್ಕಕ್ಕೆ ಏರಿದ್ದರೆ ಆ ಸೆಟ್ಟು ನಿಮ್ಮ ಸ್ಪೀಕರನ್ನೂ ಸುಡುತ್ತದೆ. 8 ಓಮಿನ ಸ್ಪೀಕರ್ ಮೀಟರಿನಲ್ಲಿ ಸುಮಾರು 6ರಿಂದ 7 ತೋರಿಸುವುದು ಸಹಜ. ಮುಳ್ಳು ಅಲ್ಲಾಡದಿದ್ದರೆ ಕಾಯಿಲ್ ಕಡಿದಿದೆ.

ನಂಬಿಕೆ 3: ಹತ್ತು ವರ್ಷ ಮುಟ್ಟದೆ ಇಟ್ಟದ್ದು, ಹೊಸದರ ಹಾಗೇ.

ಸತ್ಯ: ಮುಂಬಯಿಯ ಹವೆಯಲ್ಲಿ ಸುಮ್ಮನಿಟ್ಟದ್ದೂ ಕೆಡುತ್ತದೆ. ಸಮುದ್ರದ ಉಪ್ಪುಗಾಳಿ ಟರ್ಮಿನಲ್‌ಗಳಿಗೆ ಹಸಿರು ಕಿಲುಬು ಹಿಡಿಸುತ್ತದೆ, ತೇವಕ್ಕೆ ಕಾಗದದ ಕೋನ್ ಬೂಷ್ಟು ಕಟ್ಟುತ್ತದೆ. ವೂಫರಿನ ಸುತ್ತಲಿನ ಫೋಮ್ ಬಳೆ ಹತ್ತು ಹದಿನೈದು ವರ್ಷಕ್ಕೆ ತಾನಾಗಿಯೇ ಪುಡಿಯಾಗುತ್ತದೆ. ಬೆರಳಿನಿಂದ ಮೆತ್ತಗೆ ಒತ್ತಿ ನೋಡಿ. ಅಂಟಿದರೆ, ಉದುರಿದರೆ ಹೊಸ ಬಳೆಯ ಖರ್ಚು ನಿಮ್ಮದು. ಕ್ಯಾಸೆಟ್ ಡೆಕ್ಕಿನ ರಬ್ಬರ್ ಬೆಲ್ಟುಗಳು ಕರಗಿ ಅಂಟಾಗಿರುತ್ತವೆ. ನೆರೆನೀರಿನ ಮಾಲು ಇನ್ನೂ ಅಪಾಯ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದದ್ದು ನೆನಪಿರಬಹುದು. ಅಷ್ಟಲ್ಲದಿದ್ದರೂ ತಗ್ಗು ಪ್ರದೇಶದ ನೆಲಮಾಳಿಗೆಗಳಿಗೆ ಮಳೆಗಾಲದಲ್ಲಿ ನೀರು ನುಗ್ಗುವುದು ಇಲ್ಲಿ ಹೊಸದಲ್ಲ. ಬಾಕ್ಸಿನ ತಳದ ಹಲಗೆ ಉಬ್ಬಿದೆಯೇ, ಒಳಗೆ ಕೆಸರಿನ ಗೆರೆಯಿದೆಯೇ ಎಂದು ಟಾರ್ಚ್ ಹಾಕಿ ನೋಡಿ.

ನಂಬಿಕೆ 4: ಕೆಟ್ಟರೇನು, ಲ್ಯಾಮಿಂಗ್ಟನ್ ರೋಡಿನಲ್ಲಿ ಸಿಗದ ಪಾರ್ಟ್ ಇಲ್ಲ.

ಸತ್ಯ: ಅರ್ಧ ನಿಜ. ಹಳೆಯ ಕಾಲದ ಆಂಪ್ಲಿಫೈಯರಿನ ಟ್ರಾನ್ಸಿಸ್ಟರ್, ಕೆಪಾಸಿಟರ್, ಫ್ಯೂಸು ಅಲ್ಲಿ ಸಿಗುತ್ತವೆ. ಡಿಜಿಟಲ್ ಮಿಕ್ಸರಿನ ಬೋರ್ಡು, ಕಂಪನಿಯೇ ಪ್ರೋಗ್ರಾಂ ತುಂಬಿದ ಚಿಪ್ಪು ಸಿಗುವುದಿಲ್ಲ. ಅದು ಹೋದರೆ ಇಡೀ ಯಂತ್ರವೇ ಗುಜರಿಗೆ. ಸಿಗುವ ಪಾರ್ಟೂ ಅಸಲಿಯೇ ಎನ್ನುವಂತಿಲ್ಲ. ತೋಷಿಬಾದ 2ಎಸ್‌ಸಿ5200 ಮತ್ತು 2ಎಸ್‌ಎ1943 ಪವರ್ ಟ್ರಾನ್ಸಿಸ್ಟರುಗಳ ನಕಲು ಜಗತ್ತಿನಾದ್ಯಂತ ಹರಿದಾಡುತ್ತದೆ. ಹೊರಗೆ ಅದೇ ಹೆಸರು, ಒಳಗೆ ಚಿಕ್ಕ ಚಿಪ್ಪು. ಮೆಲ್ಲಗೆ ಹಾಡಿಸಿದರೆ ತಡೆದುಕೊಳ್ಳುತ್ತದೆ, ಚೆಂಡೆಯ ಪೆಟ್ಟು ಬಿದ್ದಾಗ ಸುಟ್ಟುಹೋಗುತ್ತದೆ.

ನಂಬಿಕೆ 5: ಸೆಕೆಂಡ್ ಹ್ಯಾಂಡ್ ಮಾಲಿಗೆ ಕಾನೂನು ಅನ್ವಯಿಸುವುದಿಲ್ಲ.

ಸತ್ಯ: 'ಚೆಕ್ ಕರ್ಕೆ ಲೇ ಜಾವೋ, ಬಾದ್ ಮೇ ನೋ ಗ್ಯಾರಂಟಿ' ಎನ್ನುವ ಅಂಗಡಿಯವನ ಮಾತೇ ಕೊನೆಯ ಮಾತಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಳಸಿದ ವಸ್ತುವನ್ನು ಹೊರಗಿಟ್ಟಿಲ್ಲ. ವ್ಯಾಪಾರಿ ಯಾವುದೇ ರೀತಿಯಲ್ಲಿ ಹೇಳಿಕೊಂಡ ಗುಣಮಟ್ಟ ಮಾಲಿನಲ್ಲಿ ಇಲ್ಲದಿದ್ದರೆ ಅದನ್ನು ದೋಷವೆಂದೇ ಕಾಯ್ದೆ ಎಣಿಸುತ್ತದೆ. ದೋಷದ ಮಾಲು ಹಿಂಪಡೆದು ಹಣ ಮರಳಿಸಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲಿನಲ್ಲಿ ಅವಧಿ ಬರೆದಿಲ್ಲದಿದ್ದರೆ ಅದಕ್ಕೆ 30 ದಿನ. ಸೌಂಡ್ ಸರ್ವಿಸ್ ನಡೆಸಿ ಹೊಟ್ಟೆ ಹೊರೆಯುವ ಸ್ವಂತ ದುಡಿಮೆಯ ಹುಡುಗನೂ ಗ್ರಾಹಕನೇ, ಆ ಸೆಟ್ಟು ಅವನ ಜೀವನೋಪಾಯಕ್ಕಷ್ಟೇ ಆಗಿದ್ದರೆ.

ಮಿತಿಗಳೂ ಇವೆ. 1930ರ ಸರಕು ಮಾರಾಟ ಕಾಯ್ದೆಯ ಪ್ರಕಾರ, ನೀವು ಪರೀಕ್ಷಿಸಿ ಕೊಂಡಿದ್ದರೆ ಆ ಪರೀಕ್ಷೆಯಲ್ಲಿ ಕಣ್ಣಿಗೆ ಬೀಳಬೇಕಿದ್ದ ದೋಷಕ್ಕೆ ಮಾರಿದವನನ್ನು ಹಿಡಿಯಲಾಗದು. 'ಇದ್ದ ಸ್ಥಿತಿಯಲ್ಲೇ' ಎಂದು ಬರೆದ ಕಾಗದಕ್ಕೆ ಸಹಿ ಹಾಕಿದ್ದರೆ ನಿಮ್ಮ ವಾದಕ್ಕೆ ಬಲ ಕಡಿಮೆ. ಮನೆಯ ಹಳೆಯ ಸೆಟ್ಟು ಮಾರುವ ವ್ಯಕ್ತಿ ವ್ಯಾಪಾರಿಯಲ್ಲ. ಅವನ ಮೇಲೆ ಗುಣಮಟ್ಟದ ಹೊಣೆ ಅಷ್ಟಾಗಿ ಬೀಳುವುದಿಲ್ಲ. ಹೇಳಿದ ಮಾಡೆಲ್ ಒಂದು, ಕೊಟ್ಟದ್ದು ಇನ್ನೊಂದು ಆದರೆ ಅವನೂ ಉತ್ತರ ಕೊಡಬೇಕು.

ನಂಬಿಕೆ 6: ಪರಿಚಯದವರು, ಬಿಲ್ಲು ಯಾಕೆ?

ಸತ್ಯ: ಬಿಲ್ಲಿಲ್ಲದಿದ್ದರೆ ಮೇಲಿನ ಹಕ್ಕುಗಳನ್ನೆಲ್ಲ ಸಾಬೀತುಪಡಿಸುವುದೇ ಕಷ್ಟ. ಇನ್ನೊಂದು ಭಯವೂ ಇದೆ. ಕದ್ದ ಮಾಲನ್ನು ಹಣ ಕೊಟ್ಟು ಕೊಂಡರೂ ಒಡೆತನ ನಿಮ್ಮದಾಗುವುದಿಲ್ಲ. ಪೊಲೀಸರು ಒಯ್ದರೆ ಹಣವೂ ಹೋಯಿತು, ಸೆಟ್ಟೂ ಹೋಯಿತು. ಕದ್ದದ್ದೆಂದು ಗೊತ್ತಿದ್ದೋ, ಹಾಗೆ ನಂಬಲು ಕಾರಣವಿದ್ದೋ ಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಡಿ ಅದೇ ಅಪರಾಧ. ಕೆರೆದ ಸೀರಿಯಲ್ ನಂಬರು ಅಂಥ ಕಾರಣವಾಗಬಹುದು.

ಸಮಿತಿಯ ಕೋಶಾಧಿಕಾರಿಗಳಲ್ಲಿ ಒಂದು ವಿನಂತಿ. ಮಾಡೆಲ್, ಸೀರಿಯಲ್ ನಂಬರು, 'ಇಷ್ಟು ದಿನದೊಳಗೆ ಕೆಟ್ಟರೆ ರಿಪೇರಿ ಅಥವಾ ಹಣ ವಾಪಸು' ಎಂಬ ಒಂದು ಸಾಲು, ಈ ಮೂರನ್ನೂ ಬಿಲ್ಲಿನಲ್ಲಿ ಬರೆಸಿ. ಹಣವನ್ನು ನಗದಾಗಿ ಕೊಡದೆ ಯುಪಿಐ ಮೂಲಕ ಕಳುಹಿಸಿ, ಮಾತುಕತೆಯ ವಾಟ್ಸ್ಆ್ಯಪ್ ಸಂದೇಶಗಳನ್ನು ಅಳಿಸಬೇಡಿ. ಜಗಳ ಬಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಜಿಲ್ಲಾ ಆಯೋಗದಲ್ಲಿ 5 ಲಕ್ಷ ರೂಪಾಯಿವರೆಗಿನ ಖರೀದಿಯ ದೂರಿಗೆ ಶುಲ್ಕವಿಲ್ಲ. ದೂರು ಕೊಡಲು 2 ವರ್ಷ ಕಾಲಾವಕಾಶವಿದೆ. 'ರಿಪೇರಿ ಅಥವಾ ಹಣ ವಾಪಸು' ಎಂಬ ಸಾಲನ್ನು ಬಿಲ್ಲಿನಲ್ಲಿ ಬರೆಯಲು ಒಪ್ಪದ ಅಂಗಡಿಯಲ್ಲಿ ಬೆಲೆ ಎಷ್ಟೇ ಕಡಿಮೆಯಿದ್ದರೂ ಕೊಳ್ಳಬೇಡಿ.