ಅಸಲು ಮುಟ್ಟದ ದಾನ: ಐಟಿ ಸಿರಿವಂತರ ಪ್ರತಿಷ್ಠಾನಗಳಿಂದ ನಮ್ಮ ಸಂಘಗಳು ಕಲಿಯಬಹುದಾದ ಪಾಠ

ಹಡಪ್ಸರದ ಮಗರಪಟ್ಟಾ ಎಂದರೆ ಪುಣೆಯ ಕನ್ನಡಿಗರಿಗೆ ಥಟ್ಟನೆ ನೆನಪಾಗುವುದು ಐಟಿ ಕಂಪೆನಿಗಳು ಮತ್ತು ಎತ್ತರದ ವಸತಿ ಕಟ್ಟಡಗಳು. ಆದರೆ ಈ ಉಪನಗರ ಹುಟ್ಟಿದ ಬಗೆಯನ್ನು ಬಲ್ಲವರು ಕಡಿಮೆ. 2000ದ ಸುಮಾರಿಗೆ, ನಗರ ಬೆಳೆದು ಕಬ್ಬಿನ ಗದ್ದೆಗಳ ಅಂಚಿಗೆ ಬಂದಾಗ, ಮಗರ ಮನೆತನದ ಸುಮಾರು 120 ರೈತ ಕುಟುಂಬಗಳು ತಮ್ಮ ಸುಮಾರು 400 ಎಕರೆ ಭೂಮಿಯನ್ನು ಬಿಲ್ಡರುಗಳಿಗೆ ಬಿಡಿಬಿಡಿಯಾಗಿ ಮಾರಲಿಲ್ಲ. ಸತೀಶ್ ಮಗರ ಅವರ ಮುಂದಾಳುತನದಲ್ಲಿ ಎಲ್ಲವನ್ನೂ ಒಟ್ಟುಗೂಡಿಸಿ ತಾವೇ ಕಂಪೆನಿ ಕಟ್ಟಿದರು. ಯಾರ ಜಮೀನು ಎಷ್ಟೋ ಅವರಿಗೆ ಅಷ್ಟು ಶೇರು. ಒಮ್ಮೆ ಕೈಗೆ ಬಂದು ಕರಗಿ ಹೋಗಬಹುದಾಗಿದ್ದ ಹಣ ಹೀಗೆ ವರ್ಷವರ್ಷವೂ ಫಲ ಕೊಡುವ ಆಸ್ತಿಯಾಯಿತು.

ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಅಸಲನ್ನು ಮುಟ್ಟಬೇಡಿ, ಬಡ್ಡಿಯಲ್ಲಿ ಬಾಳಿರಿ ಎಂಬುದೇ ಈ ಲೆಕ್ಕ. ಇದೇ ಲೆಕ್ಕವನ್ನು ದಾನಧರ್ಮಕ್ಕೆ ಅನ್ವಯಿಸಿದವರು ನಮ್ಮ ಐಟಿ ಕ್ಷೇತ್ರದ ಕೆಲವು ಸಿರಿವಂತರು.

ಪುಣೆಯಲ್ಲಿ ಮೊಳೆತ ಬೀಜ

ಇನ್ಫೋಸಿಸ್ ಎಂದರೆ ಬೆಂಗಳೂರು ಎನ್ನುತ್ತೇವೆ. ಆದರೆ ಎನ್.ಆರ್. ನಾರಾಯಣಮೂರ್ತಿ ಮತ್ತು ಅವರ ಆರು ಮಂದಿ ಸಂಗಡಿಗರು 1981ರಲ್ಲಿ ಅದನ್ನು ಆರಂಭಿಸಿದ್ದು ನಮ್ಮ ಪುಣೆಯಲ್ಲಿ. ಬೆಂಗಳೂರಿಗೆ ಹೋದದ್ದು 1983ರಲ್ಲಿ. ಶಿಗ್ಗಾಂವಿಯಲ್ಲಿ ಹುಟ್ಟಿ, ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದಿ, ಪುಣೆಯ ಟೆಲ್ಕೋದಲ್ಲಿ ದುಡಿದ ಸುಧಾ ಮೂರ್ತಿ ಅವರು ತಮ್ಮ ಉಳಿತಾಯದಿಂದ ಕೊಟ್ಟ ಹತ್ತು ಸಾವಿರ ರೂಪಾಯಿಯೇ ಅದರ ಮೂಲ ಬಂಡವಾಳವೆಂಬುದು ಎಲ್ಲರಿಗೂ ತಿಳಿದ ವಿಷಯ. 1996ರಲ್ಲಿ ಇನ್ಫೋಸಿಸ್ ಪ್ರತಿಷ್ಠಾನ ಸ್ಥಾಪನೆಯಾಯಿತು. 2021ರ ಅಂತ್ಯದವರೆಗೆ ಅದರ ಸಾರಥ್ಯ ವಹಿಸಿದ್ದವರು ಅವರೇ.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಇನ್ಫೋಸಿಸ್ ಪ್ರತಿಷ್ಠಾನ ಕಂಪೆನಿಯ ಹಣದಿಂದ ನಡೆಯುವಂಥದು. 2013ರ ಕಂಪೆನಿ ಕಾಯ್ದೆಯ ಪ್ರಕಾರ, 2014ರ ಏಪ್ರಿಲ್ 1ರಿಂದ ದೊಡ್ಡ ಕಂಪೆನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜಕಾರ್ಯಕ್ಕೆ ಖರ್ಚು ಮಾಡಲೇಬೇಕು. ಆ ಕಾಯ್ದೆ ಬರುವುದಕ್ಕೆ 18 ವರ್ಷ ಮೊದಲೇ ಇನ್ಫೋಸಿಸ್ ಈ ಕೆಲಸಕ್ಕೆ ಕೈಹಾಕಿತ್ತು ಎಂಬುದು ಹೆಮ್ಮೆಯ ವಿಷಯ. ಆದರೂ ಅದು ಶೇರುದಾರರೆಲ್ಲರ ಹಣ. ಸ್ವಂತ ಗಂಟನ್ನು ಬಿಚ್ಚಿ ಕೊಡುವುದು ಬೇರೆಯೇ ಸಂಗತಿ.

ಸ್ವಂತ ಗಂಟು ಬಿಚ್ಚಿದವರು

ನಂದನ್ ನಿಲೇಕಣಿ ಅವರ ಪತ್ನಿ ರೋಹಿಣಿ ನಿಲೇಕಣಿ ಅವರು 2001ರಲ್ಲಿ 'ಅರ್ಘ್ಯಂ' ಸ್ಥಾಪಿಸಿದರು. 2005ರಲ್ಲಿ ತಮ್ಮ ಸ್ವಂತ ಸಂಪತ್ತಿನಿಂದ ಅದಕ್ಕೆ 100 ಕೋಟಿ ರೂಪಾಯಿಯ ದತ್ತಿನಿಧಿ ಇಟ್ಟು, ನೀರು ಮತ್ತು ನೈರ್ಮಲ್ಯದ ಕೆಲಸಕ್ಕೆ ಮೀಸಲಾಗಿಸಿದರು. 2017ರಲ್ಲಿ ದಂಪತಿ ತಮ್ಮ ಆಸ್ತಿಯ ಅರ್ಧದಷ್ಟನ್ನು ದಾನಕ್ಕೆ ಮುಡಿಪಿಡುವ ವಾಗ್ದಾನವನ್ನೂ ಮಾಡಿದರು.

ಎಲ್ಲಕ್ಕಿಂತ ದೊಡ್ಡ ಉದಾಹರಣೆ ಅಜೀಂ ಪ್ರೇಮ್‌ಜಿ ಅವರದು. ವಿಪ್ರೋ ಹುಟ್ಟಿದ್ದು 1945ರಲ್ಲಿ, ಇದೇ ಮಹಾರಾಷ್ಟ್ರದ ಅಮಳನೇರಿನ ವನಸ್ಪತಿ ಎಣ್ಣೆಯ ಕಾರ್ಖಾನೆಯಾಗಿ. 1966ರಲ್ಲಿ 21ರ ಹರೆಯದಲ್ಲಿ ಅದರ ಹೊಣೆ ಹೊತ್ತ ಪ್ರೇಮ್‌ಜಿ, ಮುಂದೆ ಅದನ್ನು ಸಾಫ್ಟ್‌ವೇರ್ ಕಂಪೆನಿಯಾಗಿ ಬೆಳೆಸಿದರು. ಅವರ ಪ್ರತಿಷ್ಠಾನ ಕೆಲಸ ಆರಂಭಿಸಿದ್ದು 2001ರಲ್ಲಿ. 2019ರ ಮಾರ್ಚ್‌ನ ಪ್ರಕಟಣೆಯ ಪ್ರಕಾರ ವಿಪ್ರೋದ ಶೇ. 67ರಷ್ಟು ಶೇರುಗಳ ಫಲ ಪ್ರತಿಷ್ಠಾನದ ನಿಧಿಗೆ ಸಲ್ಲುವಂತಾಯಿತು. ಆಗ ನಿಧಿಯ ಒಟ್ಟು ಮೌಲ್ಯ ಸುಮಾರು 1.45 ಲಕ್ಷ ಕೋಟಿ ರೂಪಾಯಿ. ಚೆಕ್ ಬರೆದು ಫೋಟೊ ತೆಗೆಸಿಕೊಂಡರೆ ಮುಗಿಯುವ ದಾನ ಇದಲ್ಲ. ಪ್ರೇಮ್‌ಜಿ ಅವರ ನಂತರವೂ ನಡೆಯುವಂಥ ಏರ್ಪಾಡು.

ಹಣ ತಲುಪಿದ್ದು ಎಲ್ಲಿಗೆ?

ಈ ಪ್ರತಿಷ್ಠಾನ ಆರಂಭದ ವರ್ಷಗಳಿಂದಲೂ ಶ್ರಮಿಸಿದ ಪ್ರದೇಶಗಳಲ್ಲಿ ಸುರಪುರ ತಾಲೂಕು ಒಂದು. ಆಗ ಅದು ಗುಲ್ಬರ್ಗಾ ಜಿಲ್ಲೆಯಲ್ಲಿತ್ತು, ಈಗ ಯಾದಗಿರಿಗೆ ಸೇರಿದೆ. ಅಲ್ಲಿ ತನ್ನದೇ ಹೊಸ ಶಾಲೆಗಳ ಸಾಲು ಕಟ್ಟುವ ಬದಲು, ಇದ್ದ ಸರಕಾರಿ ಶಾಲೆಗಳ ಶಿಕ್ಷಕರ ಜೊತೆ ಸೇರಿ ಕೆಲಸ ಮಾಡಿತು. 2024ರ ಜುಲೈಯಲ್ಲಿ ಕರ್ನಾಟಕ ಸರಕಾರದೊಂದಿಗೆ ಮತ್ತೊಂದು ಒಪ್ಪಂದವಾಯಿತು. ಸರಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳಿಗೆ ವಾರಕ್ಕೆ ಎರಡು ದಿನ ಸಿಗುತ್ತಿದ್ದ ಮೊಟ್ಟೆಯನ್ನು ಆರು ದಿನಕ್ಕೆ ವಿಸ್ತರಿಸಲು ಮೂರು ವರ್ಷಗಳಿಗೆ ಸುಮಾರು 1,500 ಕೋಟಿ ರೂಪಾಯಿ ಕೊಡುವ ಒಪ್ಪಂದ ಅದು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಅಥವಾ ಚಿಕ್ಕಿ.

ಯಾದಗಿರಿ, ಕಲಬುರಗಿ ಕಡೆಯಿಂದ ಪುಣೆಗೆ ದುಡಿಯಲು ಬರುವ ನಮ್ಮವರನ್ನು ನಾವು ದಿನವೂ ಕಾಣುತ್ತೇವೆ. ಕಟ್ಟಡದ ಕೆಲಸಕ್ಕೆ ಬಂದ ಆ ತಂದೆತಾಯಿ ಮಗುವನ್ನು ಊರಿನಲ್ಲಿ ಅಜ್ಜಿಯ ಬಳಿ ಬಿಟ್ಟು ಬಂದಿದ್ದರೆ ಅದಕ್ಕೆ ಶಾಲೆಯೂ ಉಂಟು, ಮೊಟ್ಟೆಯೂ ಉಂಟು. ಆದರೆ ಜೊತೆಗೇ ಕರೆತಂದ ಮಗುವಿನ ಗತಿ ಏನು? ಊರಿನ ಶಾಲೆಯ ಹಾಜರಿ ಪುಸ್ತಕದಲ್ಲಿ ಅದು ಗೈರುಹಾಜರು. ಇಲ್ಲಿನ ಶಾಲೆಗೆ ಭಾಷೆ ಬಾರದ ಮಗು. ಎಷ್ಟೇ ದೊಡ್ಡ ನಿಧಿಯಾದರೂ ಒಪ್ಪಂದದ ಗಡಿ ದಾಟಿ ಬರಲಾರದು. ಈ ಮಗುವನ್ನು ಗುರುತಿಸಬಲ್ಲವರು, ಅದರ ಮಾತು ಬಲ್ಲವರು ಪುಣೆಯ ಕನ್ನಡಿಗರಾದ ನಾವೇ.

ನಮ್ಮ ಕೈಯಲ್ಲಿ ಏನಿದೆ?

ದೊಡ್ಡ ಪ್ರತಿಷ್ಠಾನವೊಂದಕ್ಕೆ ಮನವಿ ಕೊಡೋಣ ಎಂಬ ಮಾತು ಸಂಘಗಳ ಸಭೆಗಳಲ್ಲಿ ಆಗಾಗ ಬರುತ್ತದೆ. ತಪ್ಪೇನಿಲ್ಲ. ಆದರೆ ಮನವಿಗೆ ಮುನ್ನ ನೋಂದಣಿ, ಆದಾಯ ತೆರಿಗೆಯ 12ಎ ಮತ್ತು 80ಜಿ ಮಾನ್ಯತೆ, ಆಡಿಟ್ ಆದ ಲೆಕ್ಕಪತ್ರ ಸರಿಯಾಗಿರಬೇಕು. ಕಂಪೆನಿಗಳ ಸಿಎಸ್‌ಆರ್ ಹಣ ಬೇಕಿದ್ದರೆ 2021ರ ಏಪ್ರಿಲ್‌ನಿಂದ ಪ್ರತ್ಯೇಕ ನೋಂದಣಿಯೂ ಅಗತ್ಯ. ಇದೆಲ್ಲ ಇದ್ದರೂ 'ಏನು ಕೆಲಸ ಮಾಡಿದ್ದೀರಿ' ಎಂಬ ಪ್ರಶ್ನೆ ಬಂದೇ ಬರುತ್ತದೆ. ರಾಜ್ಯೋತ್ಸವದ ಆಮಂತ್ರಣ ಪತ್ರಿಕೆ ಅದಕ್ಕೆ ಉತ್ತರವಾಗಲಾರದು.

ಬ್ಯಾಂಕಿನ ಕೌಂಟರಿನಲ್ಲಿ ದಶಕಗಳ ಕಾಲ ಕುಳಿತವನಾಗಿ ನನ್ನದೊಂದು ಸಣ್ಣ ಲೆಕ್ಕ. ನೂರು ಮಂದಿ ಸದಸ್ಯರು ತಲಾ ಹತ್ತು ಸಾವಿರ ಕೊಟ್ಟರೆ ಹತ್ತು ಲಕ್ಷ. ಶೇ. 7ರ ಬಡ್ಡಿ ಎಂದು ಹಿಡಿದರೂ ವರ್ಷಕ್ಕೆ 70,000 ರೂಪಾಯಿ. ಕೆಲಸದ ಸ್ಥಳದ ಹತ್ತಿರ ಸಂಜೆಯ ಒಂದು ಪಾಠದ ಮನೆ ಆರಂಭಿಸಲು ಈ ಹಣ ಸಾಕಾದೀತು. ಕೊಡುವವರು 'ಇದು ಮೂಲನಿಧಿಗೆ' ಎಂದು ಲಿಖಿತವಾಗಿ ಕೊಡಬೇಕು, ಆಗ ಅದನ್ನು ಸಂಘ ಬೇರೆಯಾಗಿಯೇ ಇಡಬೇಕಾಗುತ್ತದೆ. ವಾರ್ಷಿಕ ಸಭೆಯಲ್ಲಿ ಅಸಲೆಷ್ಟು, ಬಡ್ಡಿ ಎಷ್ಟು, ಖರ್ಚೆಷ್ಟು ಎಂದು ಮೂರೇ ಸಾಲು ಓದಿದರೂ ಸದಸ್ಯರ ವಿಶ್ವಾಸ ಉಳಿಯುತ್ತದೆ.

ನಮ್ಮಲ್ಲಿ ಕೊಡುಗೈ ದಾನಿಗಳಿಗೆ ಕೊರತೆಯಿಲ್ಲ. ಸಭಾಭವನಗಳ ಅಮೃತಶಿಲೆಯ ಫಲಕಗಳೇ ಅದಕ್ಕೆ ಸಾಕ್ಷಿ. ಊಟ, ವೇದಿಕೆ, ಶಾಲು-ಹಾರಗಳಿಗೆ ಬರುವ ಹಣ ಅಂದಿಗೇ ಮುಗಿಯುತ್ತದೆ. ಅದರ ಒಂದು ಪಾಲನ್ನಾದರೂ ಮುಗಿಯದ ನಿಧಿಗೆ ತಿರುಗಿಸುವ ಠರಾವು ಈ ಸಲದ ಮಹಾಸಭೆಯಲ್ಲಿ ಬರಲಿ. ಮಗರಪಟ್ಟಾದ ಐಟಿ ತರುಣರು ಲೆಕ್ಕ ಇಡಲಿ, ಹೋಟೆಲ್ ಉದ್ಯಮಿಗಳು ಮೊದಲ ಕಂತು ನೀಡಲಿ, ನಿವೃತ್ತ ಶಿಕ್ಷಕರು ಪಾಠ ಹೇಳಲಿ.