ದಮ್ಮು ಕಟ್ಟುವವರಿಗೊಬ್ಬ ಮೇಷ್ಟ್ರು

ನಂಜನಗೂಡಿನ ಸ್ನಾನಘಟ್ಟದಲ್ಲೋ ತಿರುಮಕೂಡಲಿನ ಸಂಗಮದಲ್ಲೋ ಯಾರಾದರೂ ಮುಳುಗಿ ಕಾಣದಾದರೆ ಪೊಲೀಸರಿಗೂ ಅಗ್ನಿಶಾಮಕ ಠಾಣೆಗೂ ಫೋನು ಹೋಗುತ್ತದೆ. ಅದರ ಬೆನ್ನಿಗೇ ಊರಿನ ನಾಲ್ಕಾರು ಈಜುಗಾರರಿಗೂ ಕರೆ ಹೋಗುತ್ತದೆ. ಮರುದಿನದ ಪತ್ರಿಕೆಯಲ್ಲಿ ‘ನುರಿತ ಈಜುಗಾರರ ನೆರವಿನಿಂದ’ ಎಂಬ ಮೂರೇ ಪದಗಳಲ್ಲಿ ಮುಗಿದುಹೋಗುವ ಜನ ಇವರು. ಬೆನ್ನಿಗೆ ಸಿಲಿಂಡರ್ ಇಲ್ಲ, ಕಣ್ಣಿಗೆ ಕನ್ನಡಕವಿಲ್ಲ. ದಮ್ಮು ಕಟ್ಟಿ ಇಳಿಯುತ್ತಾರೆ, ತಮ್ಮ ಅಂಗೈ ತಮಗೇ ಕಾಣದ ಕದಡಿದ ನೀರಿನಲ್ಲಿ ಕೈಕಾಲುಗಳಿಂದ ತಡಕುತ್ತಾರೆ, ಮೇಲೆ ಬಂದು ಉಸಿರು ತೆಗೆದುಕೊಂಡು ಮತ್ತೆ ಇಳಿಯುತ್ತಾರೆ. ಕೈಗೆ ನಿಲುಕದ ಕಡೆ ಪಾತಾಳಗರಡಿ ಬಿಡುತ್ತಾರೆ. ಬಹುತೇಕರು ಹೊಳೆಯ ದಂಡೆಯಲ್ಲೇ ಬೆಳೆದವರು. ಸೊಂಟಕ್ಕೆ ಸೋರೆಬುರುಡೆ ಕಟ್ಟಿಸಿಕೊಂಡು ಅಪ್ಪನಿಂದಲೋ ಅಣ್ಣನಿಂದಲೋ ಈಜು ಕಲಿತವರು. ನೀರಿನೊಳಗೆ ಎಷ್ಟು ಹೊತ್ತು ಇರಬಹುದು, ಎರಡು ಮುಳುಗುಗಳ ನಡುವೆ ಎಷ್ಟು ಹೊತ್ತು ಸುಧಾರಿಸಿಕೊಳ್ಳಬೇಕು, ಮುಳುಗಿದವನ ಮೇಲೆ ಯಾರ ಕಣ್ಣಿರಬೇಕು ಎಂಬುದನ್ನು ಮಾತ್ರ ಅವರಿಗೆ ಯಾರೂ ಕೂರಿಸಿ ಹೇಳಿಕೊಟ್ಟಿಲ್ಲ.

ಇದೇ ವಿದ್ಯೆ ಬೇರೆಡೆ ಪಠ್ಯ, ಪರೀಕ್ಷೆ, ಮೇಷ್ಟ್ರುಗಳಿರುವ ಶಿಕ್ಷಣವಾಗಿ ಬೆಳೆದಿದೆ. ಅದರ ಹೆಸರು ಫ್ರೀಡೈವಿಂಗ್. ಯಾವ ಉಸಿರಾಟದ ಯಂತ್ರವೂ ಇಲ್ಲದೆ, ಒಂದೇ ಉಸಿರಿನಲ್ಲಿ ಆಳಕ್ಕೆ ಇಳಿದು ಬರುವುದು. ಇದು ಪಾಶ್ಚಾತ್ಯರು ಕಂಡುಹಿಡಿದದ್ದೇನೂ ಅಲ್ಲ. ಮನ್ನಾರ್ ಕೊಲ್ಲಿಯಲ್ಲಿ ಮುತ್ತು, ಶಂಖಗಳಿಗಾಗಿ ಮುಳುಗುತ್ತಿದ್ದವರು, ಜಪಾನಿನ ಅಮಾ ಹೆಂಗಸರು, ಕೊರಿಯಾದ ಜೆಜು ದ್ವೀಪದ ಹೆನ್ಯೊ ಅಜ್ಜಿಯರು ಹೊಟ್ಟೆಪಾಡಿಗಾಗಿ ಇದನ್ನೇ ಮಾಡಿಕೊಂಡು ಬಂದವರು. ಹೆನ್ಯೊ ಸಂಸ್ಕೃತಿಯನ್ನು ಯುನೆಸ್ಕೊ 2016ರಲ್ಲಿ ತನ್ನ ಪಾರಂಪರಿಕ ಪಟ್ಟಿಗೆ ಸೇರಿಸಿತು. ಕ್ರೀಡೆಯಾಗಿ ಇದು ಬೆಳೆದದ್ದು ಕಳೆದ ಶತಮಾನದ ಉತ್ತರಾರ್ಧದಲ್ಲಿ. 1976ರಲ್ಲಿ ಫ್ರಾನ್ಸಿನ ಜಾಕ್ ಮಯೋಲ್ ಇಟಲಿಯ ಎಲ್ಬಾ ದ್ವೀಪದ ಬಳಿ ಭಾರದ ಬಂಡಿ ಹಿಡಿದು 100 ಮೀಟರ್ ಆಳ ಮುಟ್ಟಿ ಬಂದರು. 1992ರಲ್ಲಿ ಐಡಾ ಎಂಬ ಅಂತರರಾಷ್ಟ್ರೀಯ ಸಂಘ ಹುಟ್ಟಿತು. 2009ರಲ್ಲಿ ಸ್ಟೆಫಾನ್ ಮಿಫ್ಸುದ್ ನೀರಿನಲ್ಲಿ ಮುಖವಿಟ್ಟು ಅಲುಗಾಡದೆ 11 ನಿಮಿಷ 35 ಸೆಕೆಂಡು ಉಸಿರು ಹಿಡಿದದ್ದು ಈ ಸಂಘದ ದಾಖಲೆ.

ದಾಖಲೆಗಳು ಬೆರಗು ಹುಟ್ಟಿಸುತ್ತವೆ, ನಿಜ. ಆದರೆ ನಮ್ಮ ಹೊಳೆದಂಡೆಯವರಿಗೆ ಅದಕ್ಕಿಂತ ಮುಖ್ಯವಾದದ್ದು ದೇಹದೊಳಗೆ ಏನು ನಡೆಯುತ್ತದೆ ಎಂಬ ತಿಳಿವಳಿಕೆ. ಉಸಿರು ನಿಲ್ಲಿಸಿ ಮುಖವನ್ನು ತಣ್ಣೀರಿಗೆ ಒಡ್ಡಿದ ಕೂಡಲೇ ಹೃದಯದ ಬಡಿತ ತಗ್ಗುತ್ತದೆ. ಕೈಕಾಲುಗಳ ರಕ್ತನಾಳಗಳು ಕುಗ್ಗಿ ರಕ್ತ ಮಿದುಳು, ಹೃದಯಗಳ ಕಡೆಗೆ ಸರಿಯುತ್ತದೆ. ಗುಲ್ಮ ಸಂಕುಚಿಸಿ, ಕೂಡಿಟ್ಟ ಕೆಂಪು ರಕ್ತಕಣಗಳನ್ನು ಹೊರಬಿಡುತ್ತದೆ. ಸೀಲ್, ತಿಮಿಂಗಿಲಗಳಲ್ಲಿರುವ ಈ ಏರ್ಪಾಡು ಅಲ್ಪಸ್ವಲ್ಪ ನಮ್ಮಲ್ಲೂ ಇದೆ.

ಇನ್ನು ‘ಉಸಿರು ಬೇಕು’ ಎಂದು ಎದೆ ಒದ್ದಾಡುವುದು ಆಮ್ಲಜನಕ ಮುಗಿದದ್ದರಿಂದಲ್ಲ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದ್ದರಿಂದ. ಸ್ನಾನಘಟ್ಟದಲ್ಲಿ ಹುಡುಗರು ‘ಯಾರು ಜಾಸ್ತಿ ಹೊತ್ತು ಮುಳುಗ್ತಾರೆ’ ಎಂದು ಪಂಥ ಕಟ್ಟಿದಾಗ ಮುಳುಗುವ ಮೊದಲು ಏನು ಮಾಡುತ್ತಾರೆ ಗಮನಿಸಿ. ಬುಸುಬುಸು ಎಂದು ಹತ್ತಿಪ್ಪತ್ತು ಸಲ ಜೋರಾಗಿ ಉಸಿರಾಡುತ್ತಾರೆ. ಅದರಿಂದ ಆಮ್ಲಜನಕ ಹೆಚ್ಚು ತುಂಬಿಕೊಳ್ಳುತ್ತದೆ ಎಂಬ ನಂಬಿಕೆ. ಹಾಗೇನೂ ಆಗುವುದಿಲ್ಲ. ಡೈಆಕ್ಸೈಡ್ ಮಾತ್ರ ಇಳಿದುಹೋಗುತ್ತದೆ. ಎಚ್ಚರಿಸಬೇಕಾದ ಗಂಟೆಯೇ ತಡವಾಗಿ ಹೊಡೆಯುತ್ತದೆ. ಅಷ್ಟರಲ್ಲಿ ಆಮ್ಲಜನಕ ತಳ ಕಂಡಿರುತ್ತದೆ, ಒದ್ದಾಟವೂ ಇಲ್ಲದೆ ಪ್ರಜ್ಞೆ ತಪ್ಪುತ್ತದೆ. ಎದೆಮಟ್ಟದ ನೀರಿನಲ್ಲಿ, ಈಜುಕೊಳದಲ್ಲಿ, ಚೆನ್ನಾಗಿ ಈಜು ಬಲ್ಲವರೇ ಹೀಗೆ ಸತ್ತಿದ್ದಾರೆ. ಈ ಒಂದು ಸಂಗತಿ ಹೊಳೆದಂಡೆಯ ಪ್ರತಿ ಶಾಲೆಯಲ್ಲೂ ಪಾಠವಾಗಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಫ್ರೀಡೈವಿಂಗ್ ಮೇಷ್ಟ್ರಾಗಲು ಮೊದಲು ಶಿಷ್ಯನಾಗಿ ಮೆಟ್ಟಿಲು ಹತ್ತಬೇಕು. ಐಡಾ ಸಂಘದ ಎರಡನೆಯ ಹಂತಕ್ಕೆ ನಿಶ್ಚಲವಾಗಿ 2 ನಿಮಿಷ ಉಸಿರು ಹಿಡಿಯಬೇಕು, ಕೊಳದಲ್ಲಿ ನೀರಿನಡಿ 40 ಮೀಟರ್ ಸಾಗಬೇಕು. ನಾಲ್ಕನೆಯ ಹಂತದ ಹೊತ್ತಿಗೆ ಅದು 3 ನಿಮಿಷ 30 ಸೆಕೆಂಡು ಮತ್ತು 70 ಮೀಟರ್ ಆಗುತ್ತದೆ, ಸಮುದ್ರದಲ್ಲಿ 30 ಮೀಟರ್ ದಾಟಿದ ಆಳವನ್ನೂ ಮುಟ್ಟಬೇಕು. ಕಲಿಯುವವರನ್ನು ಹೆಚ್ಚಾಗಿ ತಡೆಯುವುದು ದಮ್ಮಲ್ಲ, ಕಿವಿ. ಹತ್ತು ಮೀಟರ್ ಇಳಿಯುವಷ್ಟರಲ್ಲಿ ಒತ್ತಡ ಇಮ್ಮಡಿಯಾಗಿ ಶ್ವಾಸಕೋಶದ ಗಾಳಿ ಅರ್ಧದಷ್ಟು ಜಾಗಕ್ಕೆ ಕುಗ್ಗುತ್ತದೆ. ಮೂಗು ಹಿಡಿದು, ನಾಲಿಗೆಯ ಬುಡದಿಂದ ಗಾಳಿಯನ್ನು ಮಧ್ಯಕಿವಿಗೆ ತಳ್ಳುವ ಉಪಾಯ ಗೊತ್ತಿಲ್ಲದಿದ್ದರೆ ಕಿವಿಯ ತಮಟೆ ಹರಿಯಬಹುದು. ಈ ಅಭ್ಯಾಸವನ್ನು ಮನೆಯಲ್ಲಿ ಕುರ್ಚಿಯ ಮೇಲೆ ಕೂತು ವಾರಗಟ್ಟಲೆ ಮಾಡುವವರಿದ್ದಾರೆ.

ಮೇಷ್ಟ್ರ ತರಬೇತಿ ಇದಾದ ಮೇಲೆ ಶುರು. ಹದಿನೆಂಟು ತುಂಬಿರಬೇಕು, ಪ್ರಥಮ ಚಿಕಿತ್ಸೆ ಮತ್ತು ಸಿಪಿಆರ್‌ನ ಚಾಲ್ತಿಯಲ್ಲಿರುವ ಪ್ರಮಾಣಪತ್ರ ಇರಬೇಕು. ಪಾಠ ಹೇಳಿ ತೋರಿಸಬೇಕು, ಲಿಖಿತ ಪರೀಕ್ಷೆ ಬರೆಯಬೇಕು. ಆದರೆ ಈ ತರಬೇತಿಯ ಜೀವಾಳ ಇರುವುದು ಇನ್ನೊಬ್ಬನ ಉಸಿರನ್ನು ಕಾಯುವುದರಲ್ಲಿ. ಶಿಷ್ಯ ಆಳದಿಂದ ಮೇಲೇರುವಾಗ ಮೇಷ್ಟ್ರು ಅರ್ಧದಾರಿಗೆ ಇಳಿದು ಎದುರುಗೊಳ್ಳುತ್ತಾರೆ. ಕಡೆಯ ಹತ್ತು ಮೀಟರನ್ನು ಅವನ ಮುಖ ನೋಡುತ್ತಲೇ ಜೊತೆಯಲ್ಲಿ ಏರುತ್ತಾರೆ. ಏಕೆಂದರೆ ಮೇಲೇರಿದಂತೆ ಒತ್ತಡ ಇಳಿಯುತ್ತದೆ, ಅದರೊಂದಿಗೆ ರಕ್ತಕ್ಕೆ ಸಿಗುವ ಆಮ್ಲಜನಕವೂ ತಟ್ಟನೆ ಕುಸಿಯುತ್ತದೆ. ಪ್ರಜ್ಞೆ ತಪ್ಪುವುದು ಬಹುಪಾಲು ಮೇಲ್ಮೈಗೆ ತೀರ ಹತ್ತಿರದಲ್ಲಿ, ಎಷ್ಟೋ ಸಲ ತಲೆ ಹೊರಗೆ ಬಂದ ಮೇಲೆ. ಹಾಗಾಗಿ ಶಿಷ್ಯ ಹೊರಬಂದು ನಕ್ಕರೂ ಮೇಷ್ಟ್ರು ಮತ್ತೆ ಅರ್ಧ ನಿಮಿಷ ಅವನಿಂದ ಕಣ್ಣು ಕೀಳುವಂತಿಲ್ಲ. ಪ್ರಜ್ಞೆ ತಪ್ಪಿದರೆ ಬಾಯಿ ಮೂಗು ಮುಚ್ಚಿ ಹಿಡಿದು ಮೇಲಕ್ಕೆ ತರಬೇಕು, ಮುಖದ ಕನ್ನಡಕ ತೆಗೆದು ಕಣ್ಣಿನ ಸುತ್ತ ಊದಬೇಕು, ಕೆನ್ನೆ ತಟ್ಟಿ ಹೆಸರು ಹಿಡಿದು ‘ಉಸಿರಾಡು’ ಎನ್ನಬೇಕು. ಆಗಲೂ ಉಸಿರು ಬರದಿದ್ದರೆ ಬಾಯಿಂದ ಉಸಿರು ಕೊಡಬೇಕು. ಇದನ್ನು ಕೊಳದಲ್ಲಿ, ಆಳದಲ್ಲಿ, ದಣಿದಾಗ, ಮತ್ತೆ ಮತ್ತೆ ಮಾಡಿಸಿ, ಕೈ ತಾನಾಗಿ ನಡೆಯುವ ತನಕ ಬಿಡುವುದಿಲ್ಲ.

ನಮ್ಮಲ್ಲಿ ಮುಳುಗಿದವರನ್ನು ದಡಕ್ಕೆ ತಂದಾಗ ಏನಾಗುತ್ತದೆ? ತಲೆಕೆಳಗಾಗಿ ಹಿಡಿದು ತಿರುಗಿಸುತ್ತಾರೆ, ಹೊಟ್ಟೆ ಒತ್ತಿ ನೀರು ಕಕ್ಕಿಸಲು ನೋಡುತ್ತಾರೆ. ಮೊಬೈಲ್ ಸಂದೇಶ ನಂಬಿ ಮೃತ ಮಗುವನ್ನು ಉಪ್ಪಿನ ರಾಶಿಯಲ್ಲಿ ಮಲಗಿಸಿ ಗಂಟೆಗಟ್ಟಲೆ ಕಾದ ಹೃದಯವಿದ್ರಾವಕ ಘಟನೆಗಳು ಕರ್ನಾಟಕದಲ್ಲೇ ವರದಿಯಾಗಿವೆ. ಮೊದಲ ನಾಲ್ಕು ನಿಮಿಷದಲ್ಲಿ ಬೇಕಿರುವುದು ಉಸಿರು. ಆ ಹೊತ್ತು ಹೀಗೆ ಕಳೆದುಹೋಗುತ್ತದೆ.

ಮೈಸೂರು ಸೀಮೆಯವರಿಗೆ ಉಸಿರಿನ ವಿದ್ಯೆ ಹೊಸದಲ್ಲ. 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ತಿರುಮಲೈ ಕೃಷ್ಣಮಾಚಾರ್ಯರ ಯೋಗಶಾಲೆ ಶುರುವಾದ ನೆಲ ಇದು. ಮಯೋಲ್ ಕೂಡ ಯೋಗ ಕಲಿತೇ ಆಳಕ್ಕೆ ಇಳಿದವರು. ಎದೆಯ ಗೂಡು ಹಿಗ್ಗಲು, ಮನಸ್ಸು ತಣ್ಣಗಾಗಲು ಪ್ರಾಣಾಯಾಮ ಖಂಡಿತ ನೆರವಾಗುತ್ತದೆ. ಆದರೆ ಚಾಪೆಯ ಮೇಲೆ ಕುಂಭಕದಲ್ಲಿ ಪ್ರಜ್ಞೆ ತಪ್ಪಿದವನು ಮತ್ತೆ ಉಸಿರಾಡುತ್ತಾನೆ, ನೀರಿನಲ್ಲಿ ತಪ್ಪಿದವನು ನೀರು ಕುಡಿಯುತ್ತಾನೆ. ಎರಡನ್ನೂ ಒಂದೇ ಎಂದುಕೊಳ್ಳುವುದು ಅಪಾಯ.

ಹಾಗಾದರೆ ನಮ್ಮ ಹೊಳೆ ಕಪಿಲೆಯಲ್ಲೇ, ಅಂದರೆ ಕಬಿನಿಯಲ್ಲೇ, ಕಲಿಯಬಹುದೇ? ಕೂಡದು. ಇಲ್ಲಿನ ನೀರು ಮೇಲೆ ಶಾಂತವಾಗಿ ಕಂಡರೂ ಅಡಿಯಲ್ಲಿ ಎಳೆತವಿದೆ. ಮರಳು ತೆಗೆದ ಕಡೆ, ಮೊಣಕಾಲು ನೀರಿನ ಪಕ್ಕದಲ್ಲೇ ಆಳು ಮುಳುಗುವ ಗುಂಡಿಗಳಿವೆ. ಬೀಚನಹಳ್ಳಿಯ ಕಬಿನಿ ಜಲಾಶಯದಿಂದ ಹೆಚ್ಚು ನೀರು ಬಿಟ್ಟರೆ ನಂಜನಗೂಡಿನ ಹದಿನಾರು ಕಾಲು ಮಂಟಪವೇ ಮುಳುಗುತ್ತದೆ. 2019ರ ಆಗಸ್ಟ್ ಪ್ರವಾಹದಲ್ಲಿ ಸೇತುವೆಯಿಂದ ಧುಮುಕಿ ಕೊಚ್ಚಿಹೋದ ಹಿರಿಯ ಈಜುಗಾರರೊಬ್ಬರು ಎರಡು ದಿನದ ನಂತರ ಬದುಕಿ ಬಂದದ್ದನ್ನು ನಂಜನಗೂಡಿನವರು ಇನ್ನೂ ಹೇಳುತ್ತಾರೆ. ಅದನ್ನು ನೋಡಿ ಧುಮುಕುವವರೆಲ್ಲ ಬದುಕಿ ಬರುವುದಿಲ್ಲ. ನರಸೀಪುರ ತಾಲ್ಲೂಕಿನಲ್ಲೇ ಅಲಮೇಲಮ್ಮನ ಶಾಪದ ಐತಿಹ್ಯದಲ್ಲಿ ಬರುವ ಮಾಲಂಗಿ ಮಡು ಇದೆ. ಮಡುವಿನ ಭಯ ಈ ಸೀಮೆಯ ಕಥೆಗಳಿಗೇ ಇಳಿದಿದೆ.

ಮೊದಲ ಪಾಠಗಳಿಗೆ ಮೈಸೂರಿನ ಈಜುಕೊಳ ಸಾಕು, ಅದೂ ಅರ್ಹ ಮೇಷ್ಟ್ರ ಎದುರಿನಲ್ಲಿ. ಆಳಕ್ಕೆ ಸಮುದ್ರವೇ ಬೇಕು. ನಮ್ಮ ಕರಾವಳಿಯಲ್ಲಿ ಮುರ್ಡೇಶ್ವರದಾಚೆಯ ನೇತ್ರಾಣಿ ಸ್ಕೂಬಾಗೆ ಹೆಸರಾದ ಜಾಗ. ಫ್ರೀಡೈವಿಂಗ್ ಶಾಲೆ ಹುಡುಕುವವರು ಅಂಡಮಾನಿಗೆ ಹೋಗುತ್ತಾರೆ. ಹೊಳೆಯಿಂದ ಎದ್ದ ಹುಡುಗನಿಗೆ ಇದು ದೂರದ ದಾರಿ, ಖರ್ಚಿನ ದಾರಿ.

ಈ ಪ್ರಮಾಣಪತ್ರ ಇದ್ದರೆ ತುಂಬಿದ ಹೊಳೆಗೆ ಇಳಿಯಬಹುದು ಎಂದೂ ಯಾರೂ ತಿಳಿಯಬಾರದು. ಹರಿಯುವ ನೀರಿನ ರಕ್ಷಣೆ ಬೇರೆಯೇ ವಿದ್ಯೆ, ಅದಕ್ಕೆ ಹಗ್ಗ, ತೆಪ್ಪ, ಜೀವರಕ್ಷಕ ಜಾಕೆಟ್ಟುಗಳ ತರಬೇತಿ ಪ್ರತ್ಯೇಕ. ಗೋವಾದಲ್ಲಿರುವ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ ಜೀವರಕ್ಷಕರಿಗೆ ತರಬೇತಿ ಕೊಡುತ್ತದೆ. ಉಡುಪಿಯ ಈಶ್ವರ ಮಲ್ಪೆಯವರು 2024ರಲ್ಲಿ ಶಿರೂರಿನ ಗುಡ್ಡ ಕುಸಿದಾಗ ಗಂಗಾವಳಿಯ ಕೆಸರಿಗೆ ಇಳಿದದ್ದನ್ನು ನಾಡೇ ನೋಡಿತು. ಅಂಥ ಧೈರ್ಯ ನಮ್ಮ ಎರಡೂ ಊರುಗಳ ದಂಡೆಯಲ್ಲಿದೆ. ಧೈರ್ಯಕ್ಕೆ ಕ್ರಮ ಕಲಿಸುವವರು ಇಲ್ಲ.

1989ರಿಂದ ತಿರುಮಕೂಡಲಿನಲ್ಲಿ ಕುಂಭಮೇಳ ನಡೆಯುತ್ತಿದೆ. 2025ರ ಫೆಬ್ರವರಿ 10ರಿಂದ 12ರವರೆಗೆ ನಡೆದದ್ದು ಈಚಿನದು. ನಂಜನಗೂಡಿನ ಶ್ರೀಕಂಠೇಶ್ವರನ ಸನ್ನಿಧಿಗೆ ಬಂದವರು ಹುಣ್ಣಿಮೆ, ಅಮಾವಾಸ್ಯೆ ಎನ್ನದೆ ಕಪಿಲೆಯಲ್ಲಿ ಮುಳುಗು ಹಾಕುತ್ತಾರೆ. ಮೇಳಕ್ಕಾಗಿ ಮೂರು ದಿನ ದೋಣಿ, ಈಜುಗಾರರನ್ನು ನಿಲ್ಲಿಸುವ ಜಿಲ್ಲಾಡಳಿತ, ಮುಜರಾಯಿ ಇಲಾಖೆ ಮತ್ತು ಸ್ಥಳೀಯ ಸಂಸ್ಥೆಗಳು ಮುಂದಿನ ಮೇಳದೊಳಗೆ ಒಂದು ಕೆಲಸ ಮಾಡಲಿ. ಎರಡೂ ಊರಿನ ಹೊಳೆದಂಡೆಯಿಂದ ಇಬ್ಬಿಬ್ಬರು ಯುವಕ ಯುವತಿಯರನ್ನು ಆರಿಸಿ, ಖರ್ಚು ಕೊಟ್ಟು, ಮೇಷ್ಟ್ರಾಗುವ ತನಕ ಓದಿಸಲಿ. ಅವರು ಹಿಂತಿರುಗಿ ಉಳಿದ ಈಜುಗಾರರಿಗೂ ಶಾಲೆಯ ಮಕ್ಕಳಿಗೂ ಕಲಿಸಲಿ. ಅಲ್ಲಿಯವರೆಗೆ ಓದುಗರಲ್ಲಿ ಒಂದೇ ಕೋರಿಕೆ: ಕೊಳವಿರಲಿ, ಬಾವಿಯಿರಲಿ, ಹೊಳೆಯಿರಲಿ, ಒಬ್ಬರೇ ಇದ್ದಾಗ ದಮ್ಮು ಕಟ್ಟಿ ಮುಳುಗಬೇಡಿ, ಮಕ್ಕಳನ್ನೂ ಬಿಡಬೇಡಿ.